ಮನೆಯ ಮೇಲೆ ಹಾದುಹೋಗುವ ದೇವರು

ಆ ಊರಿನಲ್ಲಿ ಮನೆಗೊಂದೇ ಬಾಗಿಲು. ಹಿತ್ತಿಲ ಬಾಗಿಲಿಲ್ಲ, ಕಿಟಕಿಯಿಲ್ಲ. ಆ ಒಂದು ಬಾಗಿಲು ಯಾವ ಕಡೆಗಿರಬೇಕೆಂದು ಹೇಳುವುದು ಬೀದಿಯೂ ಅಲ್ಲ, ಗಾಳಿ ಬಿಸಿಲೂ ಅಲ್ಲ. ಮನೆಯವರ ದೇವರು ಯಾವ ದಿಕ್ಕಿನಲ್ಲಿದೆಯೋ ಬಾಗಿಲು ಆ ದಿಕ್ಕಿಗೆ. ಹಾಗಾಗಿ ಹೊಸದಾಗಿ ಬಂದವರಿಗೆ ಅಲ್ಲಿ ತಲೆ ತಿರುಗುವುದು ಖಂಡಿತ. ಒಂದು ಮನೆ ಬೀದಿಗೆ ಮುಖ ಮಾಡಿದ್ದರೆ ಪಕ್ಕದ್ದು ಬೆನ್ನು ಹಾಕಿರುತ್ತಿತ್ತು, ಅದರಾಚೆಯದು ಮುನಿಸಿಕೊಂಡ ಸೊಸೆಯ ಹಾಗೆ ಮೂಲೆಗೆ ತಿರುಗಿರುತ್ತಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ನೆರೆಮನೆಯಿಂದ ಒಂದು ಲೋಟ ಮಜ್ಜಿಗೆ ತರಬೇಕೆಂದರೆ ಎರಡು ಬೀದಿ ಸುತ್ತಬೇಕು. ತರುವಷ್ಟರಲ್ಲಿ ಅದು ಇನ್ನಷ್ಟು ಹುಳಿಯಾಗಿರುತ್ತದೆ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಆದರೂ ಯಾರೂ ಗೊಣಗುತ್ತಿರಲಿಲ್ಲ. ನಮ್ಮ ಬಾಗಿಲು ನಮಗೆ, ಅವರ ಬಾಗಿಲು ಅವರಿಗೆ.

ದಿನವೂ ಸೂರ್ಯ ಹುಟ್ಟುವ ಮುಂಚೆ ಮನೆಮಂದಿಯೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದರು. ಯಜಮಾನನಾದವನು ಒಂದು ಚೊಂಬು ನೀರನ್ನು ಹೊಸ್ತಿಲ ಹೊರಗಿನ ಮಣ್ಣಿಗೆ ಸುರಿಯುತ್ತಿದ್ದ. ಆ ನೀರು ಇಂಗುವ ತನಕ ನಿಲ್ಲಬೇಕು. ಮಾತಿಲ್ಲ, ಕತೆಯಿಲ್ಲ, ಅತ್ತಿತ್ತ ಕಣ್ಣು ಹಾಯಿಸುವಂತಿಲ್ಲ. ನಿಂತವರ ಮುಖವನ್ನು ಇನ್ನೊಬ್ಬರು ನೋಡುವುದಂತೂ ಸ್ನಾನ ಮಾಡುವವರನ್ನು ಇಣುಕಿ ನೋಡಿದಷ್ಟೇ ಹೇಸಿಗೆಯ ಕೆಲಸ. ನೀರು ಇಂಗಿತೋ, ನಿಲ್ಲುವುದು ಮುಗಿಯಿತು. ಸೋಮಾರಿಗಳು ಸಣ್ಣ ಚೊಂಬು ಇಟ್ಟುಕೊಂಡಿದ್ದರು.

ದೇವರು ಒಮ್ಮೊಮ್ಮೆ ದಿಕ್ಕು ಬದಲಾಯಿಸುತ್ತದೆ ಎಂಬುದೂ ಊರಿಗೆ ಗೊತ್ತಿತ್ತು. ನಿನ್ನೆಯವರೆಗೆ ಪಡುವಣದಲ್ಲಿದ್ದದ್ದು ಇವತ್ತು ತೆಂಕಣದಲ್ಲಿದೆ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಬಾಗಿಲಿನವನನ್ನು ಕರೆಸುತ್ತಿದ್ದರು. ಊರಿಗೆಲ್ಲ ಅವನೊಬ್ಬನೇ ಬಾಗಿಲಿನವನು. ಹಾರೆ, ಕರಣೆ, ತೂಗುಗುಂಡು ಹೊತ್ತುಕೊಂಡು ಬಂದು ಅಂಗಳದಲ್ಲಿ ನಿಂತು "ಯಾವ ಕಡೆ?" ಎನ್ನುತ್ತಿದ್ದ. ಮನೆಯವರು ಕೈ ತೋರಿಸುತ್ತಿದ್ದರು. ಹಳೆಯದನ್ನು ಮುಚ್ಚಿ, ತೋರಿಸಿದ ಕಡೆ ಹೊಸದನ್ನು ಕೊರೆದು, ಹಾಕಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. "ಯಾವ ಕಡೆ" ಎಂದಷ್ಟೇ ಅವನು ಕೇಳಬಹುದು. "ಯಾಕೆ" ಎಂದು ಕೇಳುವಂತಿಲ್ಲ. ಅವನಪ್ಪ ಅವನ ಕೈಗೆ ಕರಣೆ ಕೊಟ್ಟ ದಿನ ನೀರು ಮುಟ್ಟಿಸಿ ಆಣೆ ಹಾಕಿಸಿಕೊಂಡದ್ದು ಅದೊಂದಕ್ಕೇ.

ಆ ಆಣೆ ಅವನಿಗೆ ಭಾರವೆನಿಸಿದ್ದೇ ಇಲ್ಲ. ಯಾಕೆಂದು ಕೇಳುವ ಆಸೆ ಹುಟ್ಟಿದರಲ್ಲವೇ ಭಾರ? ಅವನ ಮನೆ ಊರಿನ ಬಡಗಣ ಅಂಚಿನಲ್ಲಿ ಕಟ್ಟಕಡೆಯದು, ಬಾಗಿಲು ಮೂಡಣಕ್ಕೆ. ತಾತನ ಕಾಲದಿಂದ ಹಾಗೇ ಇತ್ತು. ದಿನಾ ಬೆಳಿಗ್ಗೆ ನೀರು ಸುರಿದು ಹೊಸ್ತಿಲ ತುಂಬ ನಿಲ್ಲುತ್ತಿದ್ದ; ಹೆಂಡತಿ ಅವನ ಹಿಂದೆ ನಿಲ್ಲುತ್ತಿದ್ದಳು. ನಿಂತಾಗ ಅವನಿಗೆ ಮಂಡಿ ನೋಯುತ್ತಿತ್ತು, ಅವತ್ತಿನ ಕೆಲಸ ನೆನಪಾಗುತ್ತಿತ್ತು, ಹಸಿವಾಗುತ್ತಿತ್ತು. ದೇವರ ಮುಂದೆ ನಿಲ್ಲುವುದೆಂದರೆ ಇಷ್ಟೇ, ಎಲ್ಲರಿಗೂ ಇಷ್ಟೇ ಎಂದುಕೊಂಡು ನಲವತ್ತು ವರ್ಷ ಸುಖವಾಗಿದ್ದ.

ಅವನ ಮನೆಯ ತೆಂಕಣ ಬದಿಗೆ, ನಾಲ್ಕು ಹೆಜ್ಜೆಯ ಓಣಿಯಾಚೆ, ಹಗ್ಗ ಹೊಸೆಯುವವಳೊಬ್ಬಳಿದ್ದಳು. ಮಕ್ಕಳಿಲ್ಲ, ಗಂಡ ತೀರಿಕೊಂಡು ವರ್ಷವಾಗಿತ್ತು. ಗಂಡನ ಕಾಲದ ಬಾಗಿಲು ಪಡುವಣಕ್ಕಿತ್ತು. ಒಂದು ದಿನ ಹಗ್ಗದವಳು ಬಾಗಿಲಿನವನಿಗೆ ಹೇಳಿಕಳಿಸಿದಳು.

"ಯಾವ ಕಡೆ?" ಎಂದ.

ಅವಳ ಎರಡು ಕೈಯಲ್ಲೂ ನಾರಿತ್ತು. ಗಲ್ಲದಿಂದಲೇ ತೋರಿಸಿದಳು. "ಬಡಗಡೆಗೆ ಅಣ್ಣಾ."

ಬಡಗಣಕ್ಕೆ ಬಾಗಿಲಿದ್ದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ಆ ಕಡೆ ಇದ್ದದ್ದು ಓಣಿ, ಓಣಿಯಾಚೆ ಬಾಗಿಲಿನವನದೇ ಮನೆಯ ತೆಂಕಣ ಗೋಡೆ, ಅವನ ಮನೆ ದಾಟಿದರೆ ಆಡು ಮೇಯುವ ಕುರುಚಲು ಬಯಲು. ನನ್ನ ಗೋಡೆ ನೋಡಿಕೊಂಡು ನಿಲ್ಲುತ್ತೀಯಾ ತಾಯಿ ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಕೊರೆದುಕೊಟ್ಟ. ಅವಳು ಹಾಕಿದ ರಾಗಿ ಮುದ್ದೆ ಉಂಡ. ಹೊಸ ಹಗ್ಗದ ಒಂದು ಸುರುಳಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

ಅದಾಗಿ ಕೆಲವು ದಿನಕ್ಕೆ ಗಾಳಿ ಬೀಸಿ ಅವನ ಮನೆಯ ಹೆಂಚು ಸರಿದವು. ಬೆಳಗಾಗುವ ಮುಂಚೆಯೇ ಮಾಡಿನ ಮೇಲೆ ಹತ್ತಿ ಹೆಂಚು ಕೂರಿಸುತ್ತಿದ್ದಾಗ ಊರು ನಿಲ್ಲುವ ಹೊತ್ತಾಯಿತು. ಆ ಹೊತ್ತಿಗೆ ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಅವನು ಮಾಡಿನ ಮೇಲೇ ನಿಂತ. ಕಣ್ಣು ಕೆಳಗಿನ ಓಣಿಗೆ ಬಿತ್ತು. ತಾನೇ ಕೊರೆದ ಬಾಗಿಲಿನಲ್ಲಿ ಹಗ್ಗದವಳು ನೀರು ಸುರಿದು ನಿಂತಿದ್ದಳು.

ಅವಳು ಅಳುತ್ತಿದ್ದಳು. ಅತ್ತರೆ ಅತ್ತಳು, ಗಂಡ ಸತ್ತವಳು. ಆದರೆ ಅಳುತ್ತಲೇ ನಗುತ್ತಿದ್ದಳು. ಬಹಳ ದೂರದಿಂದ ಬರಬೇಕಾದವರು ಕೊನೆಗೂ ಬಂದು ಬಾಗಿಲಲ್ಲಿ ನಿಂತಾಗ ಮನೆಯವರ ಮುಖ ಹೇಗಾಗುತ್ತದೋ ಹಾಗಿತ್ತು ಅವಳ ಮುಖ. ನೀರು ಇಂಗಿತು. ಅವಳು ಇನ್ನೂ ನಿಂತೇ ಇದ್ದಳು. ಊರಿನ ಗದ್ದಲವೆಲ್ಲ ಶುರುವಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವಳಂತೆ ನಾರು ನೆನೆಹಾಕಲು ಒಳಗೆ ಹೋದಳು.

ಬಾಗಿಲಿನವನು ಮಾಡಿನಿಂದ ಇಳಿಯುವಾಗ ಅವನ ಹೊಟ್ಟೆಯಲ್ಲಿ ಏನೋ ಹತ್ತಿಕೊಂಡಿತ್ತು. ಮೊದಲು ಹಸಿವೆಂದುಕೊಂಡ. ಅಂಬಲಿ ಕುಡಿದ. ಹೋಗಲಿಲ್ಲ. ಅದು ಹಸಿವಲ್ಲ, ಅಪ್ಪಟ ಹೊಟ್ಟೆಕಿಚ್ಚು. ನಲವತ್ತು ವರ್ಷ ನಾನು ನಿಂತಿದ್ದೇನೆ, ನನಗೆ ಯಾರೂ ಬಂದಿಲ್ಲ; ಇವಳು ನಿಂತು ಹದಿನೈದು ದಿನವಾಗಿಲ್ಲ! ಅದೂ ಯಾವ ಬಾಗಿಲಲ್ಲಿ? ನಾನು ಕೊರೆದ ಬಾಗಿಲಲ್ಲಿ!

ಮರುದಿನ ಆ ತೆಂಕಣ ಗೋಡೆಗೆ ಬೆರಳು ತೂರುವಷ್ಟು ಒಂದು ತೂತು ಮಾಡಿದ.

"ಗೋಡೇಲಿ ತೂತು ಯಾಕ್ರೀ?" ಎಂದಳು ಹೆಂಡತಿ.

"ಗಾಳಿಗೆ."

"ಇಷ್ಟು ವರ್ಷ ಗಾಳಿ ಇಲ್ದೇನೇ ಬದುಕಿದ್ವಾ?"

ಅಲ್ಲಿಂದ ಅವನು ಬೆಳಿಗ್ಗೆ ಮೂಡಣದ ಹೊಸ್ತಿಲಿಗೆ ಒಂದೇ ಗುಟುಕು ನೀರು ಚೆಲ್ಲಿ, ಅದು ಇಂಗಿದ್ದೇ ತಡ ಓಡಿಬಂದು ತೂತಿಗೆ ಕಣ್ಣಿಡುತ್ತಿದ್ದ. ದಿನಾ ಅದೇ ಮುಖ. ದಿನಾ ಯಾರೋ ಬಂದಂತೆ. ಒಂದು ದಿನವಾದರೂ ಅವಳು ಸಪ್ಪಗೆ ನಿಂತಿರಲಿ ಎಂದು ಹಾರೈಸಿಕೊಂಡು ಬಗ್ಗುತ್ತಿದ್ದ. ಒಂದು ದಿನವೂ ಆ ಹಾರೈಕೆ ಫಲಿಸಲಿಲ್ಲ. ಅವನಿಗೆ ಊಟ ಸೇರದಾಯಿತು. ಕಣ್ಣು ಗುಳಿಬಿದ್ದವು, ಕೆನ್ನೆ ಇಳಿಯಿತು. ಯಾರ ಮನೆಗೆ ಕೆಲಸಕ್ಕೆ ಹೋದರೂ ಮನಸ್ಸು ಅಲ್ಲೇ. ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಒಂದನ್ನೇ ನೆನೆಯುತ್ತಿದ್ದ. ಊರಿನವರು ನೋಡಿ, "ಬಾಗಿಲಿನವನಿಗೆ ಭಕ್ತಿ ಹತ್ತಿದೆ" ಎಂದು ಮಾತಾಡಿಕೊಂಡರು. ಹೆಂಡತಿ ಮಾತ್ರ ತಟ್ಟೆಯಲ್ಲಿ ಉಳಿದದ್ದನ್ನು ಆಡಿಗೆ ಹಾಕುತ್ತಿದ್ದಳು.

ತಡೆಯಲಾರದೆ ಒಂದು ದಿನ, ಕದ ಉಜ್ಜುತ್ತಿದೆಯೇನೋ ನೋಡುತ್ತೇನೆಂಬ ನೆವ ಮಾಡಿಕೊಂಡು ಹಗ್ಗದವಳ ಮನೆಗೆ ಹೋದ. ಕದ ಚೆನ್ನಾಗಿಯೇ ಇತ್ತು. ಎರಡು ಸಲ ತೆಗೆದು ಹಾಕಿ ನೋಡಿ, ಕೇಳಿಯೇಬಿಟ್ಟ:

"ಯಾಕಮ್ಮಾ, ಈ ಕಡೆ?"

ಹೊಸೆಯುತ್ತಿದ್ದ ಅವಳ ಕೈ ನಿಂತಿತು. "ಇದೇನಣ್ಣಾ, ನೀವು ಯಾಕೆ ಅಂತ ಕೇಳಬಾರದಲ್ವಾ?"

"ಬಾಗಿಲಿನವನಾಗಿ ಕೇಳ್ತಿಲ್ಲ. ನೆರೆಯವನಾಗಿ ಕೇಳ್ತಿದೀನಿ. ಏನು ಸಿಕ್ಕುತ್ತೆ ನಿನಗೆ, ಅಲ್ಲಿ ನಿಂತ್ರೆ?"

ಅವಳು ಯೋಚಿಸಿದಳು. ಬಚ್ಚಿಡಬೇಕೆಂದಲ್ಲ, ಹೇಗೆ ಹೇಳಬೇಕೆಂದು ತಿಳಿಯದೆ. "ಗೊತ್ತಿಲ್ಲ ಕಣಣ್ಣಾ. ನಿಂತ್ಕೊತೀನಿ. ಯಾರೋ ಬಂದಂಗಾಗುತ್ತೆ."

"ಯಾರು?"

"ಕೇಳಿಲ್ಲ. ಬಂದೋರನ್ನ ನೀವ್ಯಾರು ಅಂತ ಕೇಳೋಕೆ ಬಾಯಿ ಬರಲ್ಲ."

"ಎಲ್ಲಿಂದ ಬರುತ್ತೆ?"

"ಅಲ್ಲಿಂದ" ಎಂದು ಅವಳು ಅವನ ಮನೆಯ ಮೇಲ್ಗಡೆ ಕೈ ತೋರಿಸಿದಳು. "ಬಯಲ ಕಡೆಯಿಂದ. ನಿಮ್ಮ ಮಾಡಿನ ಮೇಲಿಂದ ಇಳಿದು ಬಂದಂಗೆ."

ಅವಳು ಹೇಳಿದ್ದು ಅಷ್ಟೇ, ಮನಸ್ಸಿನಲ್ಲಿ ಕಲ್ಮಶವಿಲ್ಲದೆ ಹೇಳಿದ್ದು. ಆದರೆ ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಬಡಗಣದಿಂದ ಬರುವ ದೇವರಿಗೆ ಮೊದಲು ಸಿಗುವುದು ಯಾರ ಮನೆ? ತನ್ನ ಮನೆ! ಅದು ತನ್ನ ಮನೆಯ ತನಕ ಬರುತ್ತದೆ, ತನ್ನ ಹೆಂಚಿನ ಮೇಲೆ ಕಾಲಿಡುತ್ತದೆ, ತನ್ನನ್ನು ಕಣ್ಣೆತ್ತಿಯೂ ನೋಡದೆ ದಾಟಿಕೊಂಡು ಹಿಂದಿನ ಮನೆಯ ಹಗ್ಗದವಳ ಮುಂದೆ ಹೋಗಿ ನಿಲ್ಲುತ್ತದೆ!

ಅವತ್ತೇ ಮೂಡಣದ ಬಾಗಿಲು ಮುಚ್ಚಿದ. ತಾತನ ಕಾಲದ ಹೊಸ್ತಿಲನ್ನು ಕಿತ್ತು ಬಡಗಣಕ್ಕೆ ಹಾಕಿದ. ಇನ್ನು ಹೇಗೆ ದಾಟಿ ಹೋಗುತ್ತದೋ ನೋಡೋಣ ಎಂದುಕೊಂಡ.

"ನಮ್ಮ ದೇವರು ತಿರುಗಿತಾ?" ಎಂದಳು ಹೆಂಡತಿ.

"ತಿರುಗಿತು."

"ನನ್ನನ್ನೊಂದು ಮಾತು ಕೇಳ್ಲಿಲ್ಲ."

"ನಿನ್ನನ್ನ ಕೇಳೋದೇನು? ನನ್ನ ಹಿಂದೆ ನಿಲ್ಲೋಳು ನೀನು."

ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಮರುದಿನ ಬೆಳಿಗ್ಗೆ ಅವನು ತುಂಬಿದ ಚೊಂಬನ್ನೇ ಸುರಿದು ಹೊಸ ಬಾಗಿಲಲ್ಲಿ ನಿಂತ. ಎದುರಿಗೆ ಬಯಲು, ನಾಲ್ಕು ಆಡು, ಒಂದು ಮುರುಕು ಗಾಡಿ. ಕಣ್ಣು ಅಗಲಿಸಿ ನಿಂತ, ಕಣ್ಣು ಮುಚ್ಚಿ ನಿಂತ. ಅಳಲು ನೋಡಿದ, ನಗಲು ನೋಡಿದ. ಹಲ್ಲು ಕಿರಿದಂತಾಯಿತೇ ಹೊರತು ನಗು ಬರಲಿಲ್ಲ. ನೀರು ಇಂಗಿತು, ಮಂಡಿ ನೋಯಿತು. ಓಡಿಹೋಗಿ ತೂತಿಗೆ ಕಣ್ಣಿಟ್ಟ. ಹಗ್ಗದವಳ ಬಾಗಿಲಿಗೆ ಆಗಲೇ ಬಂದಾಗಿತ್ತು.

ಏಳು ದಿನ ಹೀಗೇ ನಡೆಯಿತು. ಎಂಟನೆಯ ದಿನ ಅವನು ಕಣಕ್ಕೆ ಹೋದ.

ಊರ ನಡುವಿನ ಕಣ ದುಂಡಗಿತ್ತು. ನ್ಯಾಯ ಹೇಳುವ ಜಾಗಕ್ಕೆ ದಿಕ್ಕಿರಬಾರದೆಂದು ಹಿಂದಿನವರು ಹಾಗೆ ಮಾಡಿಸಿದ್ದರಂತೆ. ಐವರು ಯಜಮಾನರು ಅಲ್ಲಿ ಕೂತು, ಯಾರ ದನ ಯಾರ ಹೊಲಕ್ಕೆ ಬಿತ್ತು, ಯಾರ ಕೋಳಿ ಯಾರ ಮನೆಯಲ್ಲಿ ಮೊಟ್ಟೆಯಿಟ್ಟಿತು ಎಂಬುದನ್ನು ವಿಚಾರಿಸುತ್ತಿದ್ದರು. ಬಾಗಿಲಿನವನು ಎದುರು ನಿಂತು ಹೇಳಿದ:

"ಹಗ್ಗದವಳ ದೇವರು ನನ್ನ ಮನೆ ಮೇಲೆ ಹಾದುಹೋಗ್ತಾ ಇದೆ. ನನಗೆ ನೋವಾಗಿದೆ."

ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ದೂರನ್ನು ಅವರ ಅಪ್ಪಂದಿರೂ ಕೇಳಿರಲಿಲ್ಲ. ದೊಡ್ಡ ಯಜಮಾನರು ಗಡ್ಡ ನೀವಿಕೊಂಡು ಕೇಳಿದರು: "ಹೆಂಚೇನಾದ್ರೂ ಒಡೀತೇನಪ್ಪಾ?"

"ಇಲ್ಲ."

"ಸದ್ದಾಗುತ್ತಾ?"

"ಇಲ್ಲ."

"ಮತ್ತೆ ನೋವು ಎಲ್ಲಿ?"

"ಇಲ್ಲಿ" ಎಂದು ಅವನು ಎದೆ ಮುಟ್ಟಿಕೊಂಡ. ಹೊಟ್ಟೆ ಮುಟ್ಟಿಕೊಳ್ಳಬೇಕಾಗಿತ್ತು, ಆದರೆ ಕೈ ಎದೆಗೇ ಹೋಯಿತು. ಮುಟ್ಟಿಕೊಂಡದ್ದೇ, ಅಷ್ಟು ದಿನದ ಉರಿಯೆಲ್ಲ ಒಮ್ಮೆಲೇ ಉಕ್ಕಿ ಬಂತು. ದಾಟಿಹೋದದ್ದು, ತನ್ನತ್ತ ನೋಡದೇ ಹೋದದ್ದು, ಏಳು ದಿನ ತುಂಬಿದ ಚೊಂಬು ಸುರಿದದ್ದು ಎಲ್ಲ ನೆನಪಾಗಿ ಅವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ಸುಳ್ಳಲ್ಲ. ಅವನ ಜೀವಮಾನದಲ್ಲಿ ಅಷ್ಟು ನಿಜವಾಗಿ ಅವನು ಅತ್ತಿರಲೇ ಇಲ್ಲ.

ಕಣದ ಸುತ್ತ ನಿಂತಿದ್ದ ಜನ ಬೆರಗಾದರು. ಆ ಊರಿನಲ್ಲಿ ದೇವರ ವಿಚಾರಕ್ಕೆ ಎಲ್ಲರೆದುರು ಅತ್ತವರನ್ನು ಅವರು ಕಂಡವರಲ್ಲ. ಅಳುವುದೇನಿದ್ದರೂ ಹೊಸ್ತಿಲಲ್ಲಿ, ಯಾರೂ ನೋಡದ ಹೊತ್ತಿನಲ್ಲಿ. "ಇಷ್ಟು ಅಳಬೇಕಾದ್ರೆ ಎಷ್ಟು ಭಕ್ತಿ ಇರಬೇಕು!" ಎಂದರೊಬ್ಬರು. "ನಾವೂ ಇದ್ದೀವಿ, ಕಣ್ಣಲ್ಲಿ ಒಂದು ಹನಿ ಇಲ್ಲ" ಎಂದು ಇನ್ನೊಬ್ಬರು ನಾಚಿಕೊಂಡರು. ದೊಡ್ಡ ಯಜಮಾನರಿಗೂ ತಮ್ಮ ಒಣಗಣ್ಣಿನ ಬಗ್ಗೆ ಮುಜುಗರವಾಯಿತು.

ಹಗ್ಗದವಳನ್ನು ಕರೆಸಿದರು. ನಾರಿನ ಧೂಳು ಮೆತ್ತಿದ ಸೀರೆಯಲ್ಲೇ ಬಂದಳು.

"ನಿನಗೇನಾದ್ರೂ ನೋವಿದೆಯೇನಮ್ಮಾ?"

"ನನಗೇನು ನೋವು? ಚೆನ್ನಾಗಿದೀನಿ."

"ನೋಡು, ಇವರು ಎಷ್ಟು ಅಳ್ತಿದಾರೆ. ನೀನು ಅಳಲ್ವಾ?"

"ಬೆಳಿಗ್ಗೇನೇ ಅತ್ತೆ. ಮುಗೀತು."

ಅಲ್ಲಿಗೆ ನ್ಯಾಯ ತೀರ್ಮಾನವಾದಂತೆಯೇ. ಒಬ್ಬರಿಗೆ ಇಷ್ಟು ನೋವಿದೆ, ಇನ್ನೊಬ್ಬರಿಗೆ ನೋವೇ ಇಲ್ಲ. ನೋವಿದ್ದವರ ಮಾತು ನಡೆಯಬೇಕು ಎಂದರು ಯಜಮಾನರು. "ಬಡಗಣದ ಬಾಗಿಲು ಮುಚ್ಚಬೇಕು. ಹಾಗಂತ ನಿನ್ನ ಸ್ವಾತಂತ್ರ್ಯಕ್ಕೆ ನಾವು ಅಡ್ಡ ಬರೋರಲ್ಲಮ್ಮಾ. ಮೂಡಲು, ಪಡುವಲು, ತೆಂಕಲು, ಮೂರು ದಿಕ್ಕು ನಿನಗೇ ಬಿಟ್ಟಿದೀವಿ. ಯಾವುದು ಬೇಕೋ ಆರಿಸ್ಕೋ."

ಹಗ್ಗದವಳು ಮೂರು ದಿಕ್ಕಿಗೂ ಒಮ್ಮೆ ತಿರುಗಿ ನೋಡಿದಳು. ಕೊಡುತ್ತೇವೆಂದವರ ಮನಸ್ಸು ನೋಯಿಸಬಾರದೆಂದೋ ಏನೋ. "ಅಲ್ಲಿ ನನ್ನೋರು ಯಾರೂ ಇಲ್ಲ ಸ್ವಾಮಿ" ಎಂದಳು.

ಅವಳು ಮನೆಯಲ್ಲಿದ್ದ ನಾರು, ಕದಿರು, ಒಂದು ಕಂಬಳಿಯನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಗೆ ನಿಂತಳು. ಬಾಗಿಲಿನವನು ಅವಳ ಕಣ್ಣೆದುರೇ ಬಾಗಿಲು ಮುಚ್ಚಿದ. ಅವಳು ಬೈಯಲಿ ಎಂದು ಕಾದ. ಬೈದಿದ್ದರೆ ಒಂದು ಸಮಾಧಾನ. "ಗೋಡೆ ನೆಟ್ಟಗೆ ಬಂದಿದೆ ಅಣ್ಣಾ" ಎಂದಷ್ಟೇ ಹೇಳಿ, ಓಣಿ ದಾಟಿ, ಅವನ ಮನೆಯ ಪಕ್ಕದಲ್ಲೇ ಹಾದು, ಬಯಲಿನೊಳಗೆ ನಡೆದುಹೋದಳು. ಬಾಗಿಲಿನವನ ಹೆಂಡತಿ ಹೊಸ್ತಿಲಲ್ಲಿ ನಿಂತು ಅವಳು ಕಾಣದಾಗುವ ತನಕ ನೋಡಿದಳು. ಬಾಗಿಲಿನವನು ತನ್ನ ಮನೆಯೊಳಗೆ ಬಂದು ತೆಂಕಣ ಗೋಡೆಯ ತೂತಿಗೆ ಮಣ್ಣು ಮೆತ್ತಿದ.

ಅಲ್ಲಿಂದ ಊರಿಗೆ ಹೊಸ ಗಾಳಿ ಬೀಸಿತು. ನೋವಾಯಿತು ಎನ್ನುವುದು ಎಷ್ಟು ದೊಡ್ಡ ಮರ್ಯಾದೆಯ ಮಾತು ಎಂದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ನಿಲ್ಲುವಾಗ ಪಕ್ಕದವನು ಕೆಮ್ಮುತ್ತಾನೆ, ನನಗೆ ನೋವಾಯಿತು. ಎದುರು ಮನೆಯವರು ನಿಂತಾಗ ಗುನುಗುತ್ತಾರೆ, ನನಗೆ ನೋವಾಯಿತು. ಅವರು ಗುನುಗುವುದೂ ಇಲ್ಲ, ಅಷ್ಟು ಮೌನ ಯಾಕೆ, ನನಗೆ ನೋವಾಯಿತು. ಕಣ ಹತ್ತಿರವಾಗುತ್ತಿದ್ದಂತೆ ಜನ ಕಣ್ಣುಜ್ಜಿಕೊಂಡು ತಯಾರಾಗಿ ಬರುತ್ತಿದ್ದರು. ಹೆಚ್ಚು ಅತ್ತವರು ಗೆಲ್ಲುತ್ತಿದ್ದರು. ಸೋತವರ ಬಾಗಿಲು ಮುಚ್ಚಲು ಬಾಗಿಲಿನವನಿಗೆ ಕರೆ ಬರುತ್ತಿತ್ತು. ಕೊರೆಯುವ ಕೆಲಸಕ್ಕಿಂತ ಮುಚ್ಚುವ ಕೆಲಸ ಹಗುರ, ಅವನಿಗೆ ದಣಿವಾಗಲಿಲ್ಲ.

ಬಾಗಿಲು ಕಳೆದುಕೊಂಡವರು ಹೊಸದು ಯಾವ ಕಡೆಗೆ ಹಾಕಿಸಿಕೊಳ್ಳಬೇಕು? ಯಾರೂ ದೂರು ಕೊಡಲಾಗದ ಕಡೆಗೆ. ಅಂಥದ್ದು ಒಂದೇ ಇತ್ತು, ಅಷ್ಟು ಅತ್ತ ಮಹಾಭಕ್ತನ ದಿಕ್ಕು, ಬಡಗಣ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯ ಹೊತ್ತಿಗೆ ಊರಿನ ಬಾಗಿಲುಗಳೆಲ್ಲ ಬಡಗಣಕ್ಕೆ ತಿರುಗಿ ಕೂತವು. ಹಗ್ಗದವಳಿಗೆ ಬೇಡವೆಂದ ದಿಕ್ಕಲ್ಲವೇ ಇದು ಎಂದು ಯಾರೂ ಕೇಳಲಿಲ್ಲ. ಅಷ್ಟೂ ಮನೆಯ ದೇವರುಗಳು ಈಗ ಯಾರ ಯಾರ ಮಾಡಿನ ಮೇಲೆ ಹಾದುಬರಬೇಕೆಂದೂ ಕೇಳಲಿಲ್ಲ. ಬೀದಿಗಳು ನೆಟ್ಟಗಾದವು. ಮಜ್ಜಿಗೆ ತರುವುದು ಸುಲಭವಾಯಿತು, ಆದರೆ ಕೇಳಿಕೊಂಡು ಹೋಗುವವರು ಕಡಿಮೆಯಾದರು.

ಯಜಮಾನರು ಬಾಗಿಲಿನವನಿಗೆ ಒಂದು ಅಧಿಕಾರ ಕೊಟ್ಟರು. ಊರು ನಿಂತಿರುವ ಹೊತ್ತಿನಲ್ಲಿ ಅವನು ಬೀದಿಯಲ್ಲಿ ನಡೆದು ಎಲ್ಲರ ಮುಖ ನೋಡಬಹುದು. ಯಾರ ನಿಲುವಿನಲ್ಲಿ ಕೊರತೆಯಿದೆ ಎಂದು ಭಕ್ತನಲ್ಲದೆ ಇನ್ನಾರು ಹೇಳಬೇಕು? ಹೇಸಿಗೆಯೆನಿಸುತ್ತಿದ್ದ ಕೆಲಸ ಹೀಗೆ ಗೌರವದ್ದಾಯಿತು. ದಿನಾ ಬೆಳಿಗ್ಗೆ ಅವನು ಶಾಲು ಹೊದ್ದು ಹೊರಡುತ್ತಿದ್ದ. ಕೊರತೆ ಹುಡುಕುವುದಾಗಿ ಊರು ತಿಳಿದಿತ್ತು. ಅವನು ಹುಡುಕುತ್ತಿದ್ದದ್ದು ಬೇರೆ. ಒಂದೊಂದು ಬಾಗಿಲ ಮುಂದೆಯೂ ನಿಲ್ಲುತ್ತಿದ್ದ; ಇವರಿಗೆ ಬಂದಿದೆಯೋ? ಬಗ್ಗಿ ನೋಡುತ್ತಿದ್ದ. ಒಣಗಿದ ಮುಖ. ಇವರಿಗೆ? ಆಕಳಿಸುವ ಮುಖ. ಇವರಿಗೆ? ತನ್ನನ್ನು ಕಂಡು ಅವಸರದಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುವ ಮುಖ. ಬೀದಿಯ ಕೊನೆಗೆ ಬರುವ ಹೊತ್ತಿಗೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಯಾರಿಗೂ ಇಲ್ಲ. ತನಗಿಲ್ಲದ್ದು ಈ ಊರಿನಲ್ಲಿ ಯಾರಿಗೂ ಇಲ್ಲ. ಹಲವು ತಿಂಗಳ ಮೇಲೆ ಅವನಿಗೆ ಊಟ ರುಚಿಸಿತು.

ಒಂದು ಬೆಳಿಗ್ಗೆ ಕಾಲಿನ ಕೆರಪಿನ ಅಟ್ಟೆ ಕಿತ್ತುಬಂತು. ಬೀದಿಯ ಅರ್ಧಕ್ಕೇ ಹಿಂತಿರುಗಿದ. ಊರು ಇನ್ನೂ ನಿಂತೇ ಇತ್ತು, ನೀರು ಇಂಗಿರಲಿಲ್ಲ. ತನ್ನ ಮನೆಯ ಮೂಲೆ ತಿರುಗಿ, ಬಯಲ ಕಡೆಯಿಂದ ಬಾಗಿಲಿಗೆ ಬಂದ.

ಹೊಸ್ತಿಲ ನಡುವೆ ಅವನ ಹೆಂಡತಿ ನಿಂತಿದ್ದಳು. ಒಬ್ಬಳೇ, ಮುಂದೆ ಯಾರೂ ಇಲ್ಲದೆ. ಕೈಯಲ್ಲಿ ಬರಿದಾದ ಚೊಂಬು. ಕಣ್ಣು ಮುಚ್ಚಿತ್ತು. ಕೆನ್ನೆ ಒದ್ದೆಯಾಗಿತ್ತು, ಮುಖವೆಲ್ಲ ನಗುತ್ತಿತ್ತು. ಯಾರೋ ಬಂದಿದ್ದರು.

ಅವನು ಮುರುಕು ಗಾಡಿಯ ಮೂಕಿ ಹಿಡಿದುಕೊಂಡು, ನೀರು ಪೂರ್ತಿ ಇಂಗಿ ಅವಳು ಕಣ್ಣು ಬಿಡುವ ತನಕ ನಿಂತ.

"ಎಷ್ಟು ದಿನದಿಂದ?" ಎಂದ.

ಅವಳು ಬೆಚ್ಚಲಿಲ್ಲ, ಮುಖ ಒರೆಸಿಕೊಳ್ಳಲೂ ಇಲ್ಲ. "ನೀವು ಬೀದಿ ಸುತ್ತೋಕೆ ಹೋಗೋಕೆ ಶುರು ಮಾಡಿದಾಗಿಂದ."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ನಿಮ್ಮ ಬೆನ್ನು ನೋಡ್ತಿದ್ದೆ. ಇಪ್ಪತ್ತೆರಡು ವರ್ಷ."

"ನನಗ್ಯಾಕೆ ಹೇಳ್ಲಿಲ್ಲ?"

"ಹಗ್ಗದ ಅಕ್ಕ ಹೇಳಿದ್ಲಲ್ಲ" ಎಂದಳು ಅವಳು.

ಅವನು ಗಾಡಿಯ ಮೇಲೆ ಕೂತ. ತಾನೇ ಮೂಡಣವನ್ನು ಮುಚ್ಚಿ ಈ ಬಾಗಿಲು ತೆರೆದದ್ದು, ತಾನೇ ಹೊಸ್ತಿಲು ಖಾಲಿ ಮಾಡಿ ಹೋದದ್ದು. ಊರಿನವರ ಮುಖವನ್ನೆಲ್ಲ ತಡಕಾಡಿ ಸಮಾಧಾನಪಡುತ್ತಿದ್ದಾಗ ಅದು ತನ್ನ ಮನೆಗೇ ಬಂದು, ತನ್ನ ಹೊಸ್ತಿಲಲ್ಲೇ ನಿಂತು ಹೋಗುತ್ತಿತ್ತು. ಓಣಿಯಾಚೆಯ ಹೆಂಗಸಿಗೆ ಬಂದದ್ದನ್ನು ಹೇಗೋ ತಾಳಿಕೊಳ್ಳಬಹುದಿತ್ತೇನೋ. ತನ್ನ ತಟ್ಟೆ ತೊಳೆಯುವವಳಿಗೆ, ತನ್ನ ಬೆನ್ನ ಹಿಂದೆ ನಿಲ್ಲುವವಳಿಗೆ ಬರುವುದೆಂದರೆ! ಹಳೆಯ ಉರಿ ಏನೂ ಅಲ್ಲ ಎನ್ನುವಂಥ ಉರಿ ಎದ್ದಿತು.

"ನನಗೆ ನೋವಾಗ್ತಿದೆ ಕಣೇ" ಎಂದ.

"ಗೊತ್ತು." ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಹೋಗಿ ಕಣದಲ್ಲಿ ದೂರು ಕೊಡಿ. ಆದ್ರೆ ಈ ಸಲ ಯಾವ ಬಾಗಿಲು ಮುಚ್ಚಿಸ್ತೀರಿ?"

ಅವನು ಕಣಕ್ಕೆ ಹೋಗಲಿಲ್ಲ. ಹೋಗಿ ಏನೆಂದು ಹೇಳಬೇಕು? ಮ‌ಧ್ಯಾಹ್ನ ಬಾವಿಯ ಪಕ್ಕ ಮಣ್ಣು ಕಲಸಿದ, ಇಟ್ಟಿಗೆ ಒಳಗೆ ಸಾಗಿಸಿದ. ಮಹಾಭಕ್ತನು ತನ್ನ ಬಾಗಿಲನ್ನೇ ಮುಚ್ಚಿಕೊಳ್ಳುವುದನ್ನು ಊರು ನೋಡಬಾರದೆಂದು ಮನೆಯ ಒಳಗೆ ನಿಂತು ಕಟ್ಟತೊಡಗಿದ. ಗೋಡೆ ಮಂಡಿಯೆತ್ತರಕ್ಕೆ ಬಂತು. ಹೆಂಡತಿ ಒಲೆಯ ಮುಂದಿನಿಂದ ಎದ್ದು, ಚೊಂಬು ತೆಗೆದುಕೊಂಡು, ಸೀರೆ ಎತ್ತಿ ಹಿಡಿದು ಗೋಡೆ ದಾಟಿ ಹೊರಗೆ ಹೋದಳು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಹೊರಗಿರ್ತೀನಿ."

"ಒಳಗೆ ಬಾ. ಕತ್ತಲಾಗುತ್ತೆ."

"ಒಳಗೆ ಅದಕ್ಕಿಂತ ಕತ್ತಲೆ ರೀ" ಎಂದಳು. "ಮುದ್ದೆ ಮಾಡಿಟ್ಟಿದೀನಿ, ಆರೋಕೆ ಮುಂಚೆ ಉಣ್ಣಿ."

ಗೋಡೆ ಸೊಂಟಕ್ಕೆ ಬರುವಷ್ಟರಲ್ಲಿ ಅವಳು ಬಂದಾಳು ಎಂದುಕೊಂಡ. ಎದೆಯೆತ್ತರಕ್ಕೆ ಬಂತು. ಗಾಡಿಯ ಮೇಲೆ ಕೂತು ಅವಳು ಅವನನ್ನೇ ನೋಡುತ್ತಿದ್ದಳು. ಕತ್ತಿನವರೆಗೆ ಬಂದಾಗ ಅವನೇ ಒಂದು ಸಲ ನಿಲ್ಲಿಸಿದ. ಅವಳು ಕರೆಯಲಿ ಎಂದು ಅವನು, ಅವನು ಕರೆಯಲಿ ಎಂದು ಅವಳು, ಇಬ್ಬರೂ ಕರೆಯಲಿಲ್ಲ. ಹಟ ಬಂದವನಂತೆ ಉಳಿದ ಸಾಲುಗಳನ್ನು ಏರಿಸಿದ. ಕಡೆಯ ಇಟ್ಟಿಗೆ ಇಟ್ಟಾಗ ಅವಳ ಮುಖ ಕಾಣದಾಯಿತು. ಅಬ್ಬಾ ಎಂದು ನಿಟ್ಟುಸಿರು ಬಿಟ್ಟ. ಇನ್ನು ಆ ಮುಖ ನೋಡುವ ಕಷ್ಟವಿಲ್ಲ.

ನೋಡುವ ಕಷ್ಟ ಹೋಯಿತು, ನೋಡಲಾರದ ಕಷ್ಟ ಶುರುವಾಯಿತು. ಮುದ್ದೆ ಮುಟ್ಟಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದ. ಹೊರಗೆ ಹಕ್ಕಿಗಳ ಸದ್ದು ಕೇಳಿ ಬೆಳಗಾಯಿತೆಂದು ತಿಳಿದುಕೊಂಡ. ಎದ್ದು ಗೋಡೆಗೆ ಕಿವಿಯಿಟ್ಟ. ಮಣ್ಣಿಗೆ ನೀರು ಬೀಳುವ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ನೀರು ಇಂಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಿವಿಯನ್ನು ಗೋಡೆಗೆ ಒತ್ತಿ ನಿಂತ. ಅವನಿಗೆ ಮಂಡಿ ನೋಯುತ್ತಿದೆಯೇ ಇಲ್ಲವೇ ಎಂಬುದು ಗೊತ್ತಾಗಲಿಲ್ಲ.

"ಏ" ಎಂದು ಕೂಗಿದ. "ಬಂತಾ?"

"ಬಂತು" ಎಂದಳು. ಅವಳ ದನಿ ಗೋಡೆಗೆ ಬಹಳ ಹತ್ತಿರದಲ್ಲಿತ್ತು. "ನಿಮ್ಮನ್ನ ಕೇಳ್ತು."

"ನನ್ನನ್ನಾ? ಏನಂತ?"

"ಎಲ್ಲಿದಾನೆ ಅಂತ."

"ನೀನು ಏನಂದೆ?"

"ಒಳಗಿದಾರೆ ಅಂದೆ. ಮನೇನ ಒಂದು ಸುತ್ತು ಬಂತು. ಬಾಗಿಲು ಎಲ್ಲಿ ಅಂತ ಕೇಳ್ತು."

ಕತ್ತಲಲ್ಲಿ ಅವನ ಕೈ ಗೋಡೆಯ ಮೇಲಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು.